ಮರಿಯಳ ಎಡಗೈ

ನರ್ಸ್ ಎಮಿಲಿಯಾಳಿಗೆ ಅರಬ್ ನಾಡಿನ ಜಿದ್ದಾ ನಗರದ ಒಂದು ಖಾಸಗಿ ಆಸ್ಪತ್ರೆ ೧೯೯೬ರ ಹಜ್ಜಿನ ಓವರ್‌ಟೈಮ್ ಹಣದಲ್ಲಿ ಅರ್ಧ ಇನ್ನೂ ಕೊಡಬೇಕು. ಉಳಿದರ್ಧ ಕೊಡಿಸಿದ್ದು ಒಂದು ಕಲ್ಲಿನ ಕೈ.

ಕರಾವಳಿಯ ಶಿರ್ವ ಊರಿನ ಎಮಿಲಿಯಾಳ ಸೂಟ್‌ಕೇಸಿನ ಮುಚ್ಚಳದ ಒಳಮೈಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದು ಅಂಟಿತ್ತು. ಆ ದೇಶದಲ್ಲಿ ಅನ್ಯಧರ್ಮದ ಚಿತ್ರವನ್ನು ಗೋಡೆಗೆ ತೂಗುಹಾಕುವ ಹಾಗಿಲ್ಲ. ಐನೂರು ವರ್ಷದ ಹಿಂದೆ ರೋಮಿನಲ್ಲಿ ಅಮೃತಶಿಲೆಯಲ್ಲಿ ಕಡೆದ ಮೂರ್ತಿಯ ಚಿತ್ರ: ಸತ್ತ ಯೇಸು ತಾಯಿ ಮರಿಯಳ ಮಡಿಲಲ್ಲಿ. ಅವಳ ಬಲಗೈ ಮಗನ ಕಂಕುಳಡಿಗೆ ಆತುಕೊಂಡಿದೆ, ಎಡಗೈ ಅಂಗೈ ಮೇಲಾಗಿ ಬದಿಗೆ ಚಾಚಿದೆ. ಅದು ಶರಣಾಗತಿಯ ಕೈ ಎಂದು ಊರಿನ ಪಾದ್ರಿ ಹೇಳಿದ್ದರು. ಎಮಿಲಿಯಾ ಅದನ್ನೇ ನಂಬಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ದುಡಿದಳು. ಅಲ್ಲ, ನೀವು ಮಾಡಿದ್ದನ್ನು ನೋಡಿ ಎಂದು ಲೋಕಕ್ಕೆ ತೋರಿಸುವ ಕೈ ಅದು ಎಂದು ಕೋಣೆಯ ಜೊತೆಗಾತಿ ಡೀನಾ ವಾದಿಸುತ್ತಿದ್ದಳು.

ಹಜ್ಜಿನ ಹೊತ್ತಿಗೆ ಬಿಸಿಲು ಬಡಿದ ಯಾತ್ರಿಕರಿಂದ ವಾರ್ಡು ತುಂಬಿತು. ನರ್ಸುಗಳು ಎರಡೆರಡು ಪಾಳಿ ದುಡಿದರು. ಆಮೇಲೆ ಮ್ಯಾನೇಜರ್ ಶರೀಫ್ ಹೊಸ ರಾಗ ತೆಗೆದ: ಬಾರದ ಓವರ್‌ಟೈಮ್ ಹಣ ಸಂದಿದೆ ಎಂದು ಸಹಿ ಹಾಕಿದವರಿಗೆ ಮಾತ್ರ, ಆಸ್ಪತ್ರೆಯ ವಶದಲ್ಲಿರುವ ಪಾಸ್‌ಪೋರ್ಟ್ ರಜೆಗೆ ವಾಪಸ್. ಊರಲ್ಲಿ ಎಮಿಲಿಯಾಳ ತಂಗಿಯ ಮದುವೆ ಹತ್ತಿರ ಬಂದಿತ್ತು. ಹಾಳಾಗಿ ಹೋಗಲಿ, ಸಹಿ ಹಾಕುವುದೇ ಎಂದು ಅವಳು ಸಾಮಾನು ಜೋಡಿಸಲು ಕೂತಳು.

ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಎಲ್ಲರದೂ ಒಂದೊಂದು ಪೊಟ್ಟಣ ಇರಲೇಬೇಕು. ವಾರ್ಡಿನ ಆಯಾ, ಉಪ್ಪಿನಂಗಡಿಯ ಅತಿಯಾ, ಊರಲ್ಲಿರುವ ತನ್ನ ತಾಯಿ ಆಸ್ಯಮ್ಮನಿಗೆಂದು ಮುಲಾಮು, ಖರ್ಜೂರ ತಂದಳು. ತೆರೆದ ಮುಚ್ಚಳದಲ್ಲಿ ಚಿತ್ರ ಕಂಡದ್ದೇ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಮರಿಯಳನ್ನು ತಮ್ಮವರು ಕರೆಯುವ ಹೆಸರಲ್ಲಿ, ಮರಿಯಮ್ ಬೀವಿಯಲ್ಲವಾ ಎಂದಳು. ಎಮಿಲಿಯಾ ಪಾದ್ರಿಯ ಅರ್ಥ ಒಪ್ಪಿಸಿದಳು. ಅತಿಯಾಳಿಗೆ ನಗು ಬಂತು.

"ಎಂತ ಶರಣಾಗತಿ ಸಿಸ್ಟರ್? ನನ್ನ ಉಮ್ಮ ಬೀಡಿ ಕಟ್ಟಿ ಕೊಟ್ಟು ಕಂಟ್ರಾಕ್ಟರನ ಎದುರು ಹೀಗೇ ಕೈ ಚಾಚಿ ಕೂರುವುದು. ಎಲೆ ಹರಿದಿದೆ, ದಾರ ಸಡಿಲ ಅಂತ ಅವ ಎಷ್ಟು ಬೊಗಳಿದರೂ ಕೈ ಮಡಚುವುದಿಲ್ಲ. ಮಡಚಿದರೆ ದುಡ್ಡು ಸಿಕ್ಕಿತು ಅಂತ ಲೆಕ್ಕ."

ಮರುದಿನ ಶರೀಫ್ ಕಾಗದ ಹಿಡಿದು ವಾರ್ಡಿಗೆ ಬಂದಾಗ ಎಮಿಲಿಯಾ ಬಲಗೈಯಲ್ಲಿ ಮುದುಕಿಯೊಬ್ಬಳ ಬೆನ್ನಿಗೆ ಆಸರೆ ಕೊಟ್ಟಿದ್ದಳು. ಅವಳನ್ನು ಬಿಡಲಿಲ್ಲ. ಎಡಗೈ ಚಾಚಿದಳು.

"ಸಹಿ ಇಲ್ಲ ಸಾರ್. ದುಡ್ಡು."

ಅವನು ಪಾಸ್‌ಪೋರ್ಟಿನ ಬೆದರಿಕೆ ಹಾಕಿದ. ಕೈ ಹಾಗೇ ಇತ್ತು. ಪಕ್ಕದ ಮಂಚದ ಹತ್ತಿರ ಡೀನಾಳದ್ದೂ ಚಾಚಿತು, ಬಾಗಿಲಲ್ಲಿ ಅತಿಯಾಳದ್ದೂ. ವಾರವಿಡೀ ಅವನು ಹೋದಲ್ಲೆಲ್ಲ ಅಂಗೈಗಳು. ಕೊನೆಗೆ ಎಲ್ಲರಿಗೂ ಅರ್ಧ ಕೊಟ್ಟ, ಪಾಸ್‌ಪೋರ್ಟನ್ನೂ ಕೊಟ್ಟ. ಎಮಿಲಿಯಾ ಶಿರ್ವ ಮುಟ್ಟಿದಾಗ ತಂಗಿಯ ಮದುವೆಯ ಇಗರ್ಜಿ ಪೂಜೆ ಮುಗಿದಿತ್ತು, ಊಟ ಮುಗಿದಿರಲಿಲ್ಲ. ರಜೆ ಮುಗಿಸಿ ಅವಳು ಮರಳಿದ ಮೇಲೆ, ಮುಂದಿನ ಹಜ್ಜಿಗೆ ಯಾರೂ ಸಹಿಯ ಮಾತೆತ್ತಲಿಲ್ಲ, ಓವರ್‌ಟೈಮ್ ಪೂರ್ತಿ ಬಂತು. ಹಳೇ ಅರ್ಧವನ್ನು ಕೇಳುವುದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಚಿತ್ರ ಈಗ ಶಿರ್ವದ ಮನೆಯ ಗೋಡೆಯ ಮೇಲಿದೆ. ಬಂದವರು ಆ ಕೈಗೆ ಅರ್ಥ ಕೇಳುತ್ತಾರೆ. ಅರ್ಥ ಆಮೇಲೆ ಹುಡುಕಿ. ನಿಮ್ಮ ಮನೆ ಗುಡಿಸುವವಳ ಬಾಕಿ ಸಂಬಳವನ್ನು ಇವತ್ತೇ ಅವಳ ಅಂಗೈಗೆ ಹಾಕಿ.