ಅಡ್ಡಗೆರೆ ಬಿದ್ದ ವೃತ್ತ

ಮಾನವಶಾಸ್ತ್ರ ವಿಭಾಗದ ಮೂಳೆ ಕೋಣೆಯಲ್ಲಿ ಹನ್ನೆರಡು ತಲೆಬುರುಡೆಗಳಿವೆ. ಒಂದೊಂದರ ನೆತ್ತಿಯ ಮೇಲೂ ಕಪ್ಪು ಶಾಯಿಯ ನಂಬರು. ವಿದ್ಯಾರ್ಥಿಗಳು ಸಂಜೆ ಅಳತೆ ಮುಗಿಸಿ ಅವನ್ನು ಗಾಜಿನ ಬೀರುವಿನಲ್ಲಿ ಹೇಗೆ ಬೇಕೋ ಹಾಗೆ ಇಟ್ಟು ಹೋಗುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಹನ್ನೆರಡೂ ಕಿಟಕಿಯ ಕಡೆ ಮುಖ ಮಾಡಿರುತ್ತವೆ. ಹೊಸಬರು ಮೊದಲ ವಾರ ಹೆದರುತ್ತಾರೆ. ಅದು ನೆಲ ಒರೆಸುವ ದೊಡ್ಡಮ್ಮನ ಕೈಕೆಲಸ ಎಂದು ಎರಡನೆಯ ವಾರ ತಿಳಿಯುತ್ತದೆ.

"ದಿನವಿಡೀ ಗೋಡೆ ನೋಡ್ಕೊಂಡು ಇರೋಕೆ ಅವರೇನು ತಪ್ಪು ಮಾಡಿದ್ದಾರೆ?" ಎಂದು ಆಕೆ ಕೇಳುತ್ತಿದ್ದಳು.

"ನಿಮ್ಮ ಮಾತು ಕೇಳ್ತಾರಾ ಅವರು?"

"ನಿಮಗಿಂತ ವಾಸಿ. ಎದುರು ಮಾತಾಡಲ್ಲ, ಒದ್ದೆ ನೆಲ ತುಳಿಯಲ್ಲ."

ಹೀಗೆ ಆಕೆಯ ಬಾಯಿಗೆ ಸಿಕ್ಕವರಲ್ಲಿ ಎಂ.ಎ. ಎರಡನೆಯ ವರ್ಷದ ಒಬ್ಬಳಿದ್ದಳು. ವಯಸ್ಸು ಮೂವತ್ತೊಂದು. ತರಗತಿಯ ಉಳಿದವರೆಲ್ಲ ಅವಳಿಗಿಂತ ಎಂಟೊಂಬತ್ತು ವರ್ಷ ಚಿಕ್ಕವರು, ಅವಳನ್ನು ರಿಜಿಸ್ಟರ್ ಅಕ್ಕ ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಓದಲು ಬರುವ ಮುಂಚೆ ಅವಳು ಆರು ವರ್ಷ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಗುಮಾಸ್ತೆಯಾಗಿದ್ದಳು. ವೈದ್ಯರ ಸಹಿ ಇಲ್ಲದೆ ಒಂದೇ ಒಂದು ಸಾವನ್ನೂ ರಿಜಿಸ್ಟರಿಗೆ ಏರಿಸಿದವಳಲ್ಲ. ಆರು ವರ್ಷವಾದ ಮೇಲೆ, ತನಗೆ ಗೊತ್ತಿರುವ ಜನರೆಲ್ಲ ಅವರ ಬದುಕಿನ ಕೊನೆಯ ಸಾಲಿನಲ್ಲಿ ಮಾತ್ರ ಗೊತ್ತು ಎನ್ನಿಸಿ ಕೆಲಸ ಬಿಟ್ಟಳು. "ಬದುಕಿರೋರ ಹತ್ತಿರ ಮಾತಾಡೋಕೂ ಎರಡು ವರ್ಷ ಓದಬೇಕೇನೇ?" ಎಂದಿದ್ದಳು ಅವಳ ತಾಯಿ.

ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಊರಾಚೆಯ ಹಾಸಿಗೆ ಹೊಲಿಯುವವರ ಬೀದಿ. ಒಂದು ಕಸುಬು ಮನೆಯೊಳಗೆ ಯಾರಿಂದ ಯಾರಿಗೆ ಇಳಿಯುತ್ತದೆ ಎಂಬುದು ಪ್ರಶ್ನೆ. ನಾಲ್ಕು ತಿಂಗಳು ಹತ್ತಿಯ ಧೂಳು ಕುಡಿದು, ಒಂಬತ್ತು ಮನೆಗಳ ಬಂಧುತ್ವ ನಕ್ಷೆ ಬರೆದಳು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ತೀರಿಕೊಂಡವರ ಮೇಲೆ ಒಂದು ಅಡ್ಡಗೆರೆ. ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಮಾತಾಡಿದವರ ಗುಟ್ಟು ಹೊರಗೆ ಹೋಗಬಾರದೆಂದು ವಿಭಾಗದ ಕಟ್ಟುನಿಟ್ಟು.

ಪ್ರಬಂಧದ ಪ್ರತಿಗಳು ಪರೀಕ್ಷಕರಿಗೆ ಹೋದ ಮೇಲೆ, ಮೌಖಿಕ ಪರೀಕ್ಷೆಗೆ ಮುಂಚಿನ ಒಂದು ವಾರ ಎಲ್ಲರ ನಕ್ಷೆಗಳನ್ನೂ ಕಾರಿಡಾರಿನ ಗೋಡೆಗೆ ಅಂಟಿಸುವುದು ಇಲ್ಲಿನ ಪದ್ಧತಿ. ಯಾರು ಬೇಕಾದರೂ ನಿಂತು ನೋಡಬಹುದು, ತಪ್ಪು ತೋರಿಸಬಹುದು.

ಮೂರನೆಯ ದಿನ ಮಧ್ಯಾಹ್ನ ಅವಳು ಗ್ರಂಥಾಲಯದಿಂದ ಬಂದಾಗ ದೊಡ್ಡಮ್ಮ ಆರನೆಯ ಮನೆಯ ನಕ್ಷೆಯ ಮುಂದೆ ನಿಂತಿದ್ದಳು. ಮಾಪು ಗೋಡೆಗೆ ಒರಗಿತ್ತು. ಬಕೆಟ್ಟಿನ ನೀರು ಅಲುಗದೆ ನಿಂತಿತ್ತು. ಆಕೆ ಬಂದು ಬಹಳ ಹೊತ್ತಾಗಿರಬೇಕು.

"ಇದು ಹಾಸಿಗೆಯವರ ಬೀದೀನಾ?"

"ಅದನ್ನ ಹೇಳೋ ಹಾಗಿಲ್ಲ ದೊಡ್ಡಮ್ಮ."

"ಹೇಳಬೇಡ ಬಿಡು." ಆಕೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕಾಗದಕ್ಕೆ ತಾಕಿಸದೆ ಒಂದೊಂದೇ ಗುರುತು ತೋರಿಸಿದಳು. "ಇವನು ದೊಡ್ಡವನು. ಇವರಿಬ್ಬರು ಅವಳಿಜವಳಿ, ಅದರಲ್ಲಿ ಒಬ್ಬ ಚಿಕ್ಕಂದಿನಲ್ಲೇ ಹೋದ. ದೊಡ್ಡವನೂ ಉಳಿದವನೂ ಒಂದೇ ಮನೆಯ ಅಕ್ಕತಂಗೀನ ಮಾಡ್ಕೊಂಡ್ರು. ಇವಳು ಮದುವೆ ಬೇಡ ಅಂತ ಕೂತವಳು. ಇವಳು ಕೊನೆಯವಳು."

ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷ, ಪ್ರತಿ ವರ್ಷವೂ ಮೊದಲ ಸೆಮಿಸ್ಟರಿನ ಈ ಗುರುತುಗಳ ಪಾಠ ಮುಗಿದಾಗ ಕಪ್ಪುಹಲಗೆ ಒರೆಸಿದವಳು ಆಕೆಯೇ.

"ಕೊನೆಯವಳ ಮೇಲೆ ಗೆರೆ ಎಳೆದಿದ್ದೀಯಲ್ಲ, ಯಾರು ಹೇಳಿದ್ರು?"

"ಮನೆಯವರೇ. ಜ್ವರ ಬಂದು ತೀರ್ಕೊಂಡ್ಳು ಅಂತ ಅವರಣ್ಣನೇ ಹೇಳಿದ್ರು."

"ಜ್ವರ ಅಂದನಾ," ಎಂದಳು ದೊಡ್ಡಮ್ಮ. "ನಾನು ಬಾವಿಗೆ ಬಿದ್ದು ಸತ್ತೆ ಅಂತ ಹೇಳ್ತಾನೆ ಅಂದ್ಕೊಂಡಿದ್ದೆ."

ಅವಳು ನಕ್ಷೆಯನ್ನೂ ದೊಡ್ಡಮ್ಮನನ್ನೂ ಮತ್ತೆ ಮತ್ತೆ ನೋಡಿದಳು. ದೊಡ್ಡಮ್ಮ ಮಾತ್ರ ಮಾಪು ಎತ್ತಿಕೊಂಡು, ಮೂಳೆ ಕೋಣೆಗೆ ಬಾ ಎಂಬಂತೆ ತಲೆಯಾಡಿಸಿ ಮುಂದೆ ಹೋದಳು.

ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕೂತು ಆಕೆ ಹೇಳಿದ್ದು ಹತ್ತು ಮಾತು. ಗಂಡ ಕೆಟ್ಟವನು. ಎಳೆ ಮಗು ಎತ್ತಿಕೊಂಡು ಅಣ್ಣನ ಮನೆಗೆ ಓಡಿ ಬಂದಳು. ಮಗುವನ್ನು ಕೊಡು, ಇಲ್ಲದಿದ್ದರೆ ಇಬ್ಬರನ್ನೂ ಮುಗಿಸುತ್ತೇನೆ ಎಂದು ಗಂಡ ಬೀದಿಗೆ ಬಂದು ಕೂಗಿದ. ಅತ್ತಿಗೆಗೂ ಹೆಣ್ಣುಮಗು ಹುಟ್ಟಿ ಕೆಲವೇ ತಿಂಗಳಾಗಿತ್ತು. ಎರಡನ್ನೂ ನನ್ನವೆಂದೇ ಸಾಕುತ್ತೇನೆ, ತಾಯಿ ಸತ್ತಳು, ಮಗುವೂ ಸತ್ತಿತು ಎಂದು ಅವನಿಗೆ ಹೇಳುತ್ತೇನೆ ಎಂದ ಅಣ್ಣ. ನೀನು ಮಾತ್ರ ಮತ್ತೆ ಈ ಬೀದಿಗೆ ಕಾಲಿಡಬಾರದು, ಮಗು ದೊಡ್ಡದಾದ ಮೇಲೂ.

"ಒಪ್ಕೊಂಡೆ," ಎಂದಳು ದೊಡ್ಡಮ್ಮ. "ಸತ್ತಿರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಗಂಡ ಇನ್ನೂ ಇದ್ದಾನೆ, ಅದೇ ಊರಲ್ಲಿ."

"ನಾನು ಗೆರೆ ಅಳಿಸಬೇಕಾ?"

"ಬೇಡ. ಅದಿರಲಿ." ಆಮೇಲೆ, ನೆಲ ನೋಡುತ್ತ ಕೇಳಿದಳು: "ಅಣ್ಣನ ಕೆಳಗೆ ಎರಡು ವೃತ್ತ ಇದೆ. ಎರಡನೇದರ ಮೇಲೆ ಗೆರೆ ಇಲ್ಲ, ಅಲ್ವಾ? ಸರಿಯಾಗಿ ನೋಡಿಯೇ ಬರೆದಿದ್ದೀಯ ತಾನೇ?"

ಸಹಿ ಇಲ್ಲದೆ ಸಾವು ಬರೆಯದವಳು ಮನೆಯವರ ಮಾತು ನಂಬಿ ಒಂದು ಸಾವು ಬರೆದಿದ್ದಳು. ಹಾಗಿರುವಾಗ, ಮಗಳು ಬದುಕಿದ್ದಾಳೆ ಎಂಬ ತನ್ನ ಮಾತನ್ನು ಈಕೆ ಯಾಕೆ ನಂಬಬೇಕು? ಅವಳು ಚೀಲದಿಂದ ರೆಕಾರ್ಡರ್ ತೆಗೆದಳು. ಅವರ ಮಾತನ್ನು ಯಾರಿಗೂ ಕೇಳಿಸುವುದಿಲ್ಲ ಎಂದು ಆ ಮನೆಯವರಿಗೆ ಭಾಷೆ ಕೊಟ್ಟಿದ್ದಳು. ಆದ್ದರಿಂದ ಮಾತಿರುವ ಕಡೆಯನ್ನು ದಾಟಿಸಿ, ಮಾತಿಲ್ಲದ ಜಾಗ ಹುಡುಕಿ, ದೊಡ್ಡಮ್ಮನ ಕಿವಿಗೆ ಹಿಡಿದಳು.

ಹೊಲಿಗೆ ಯಂತ್ರ ಓಡುವ ಸದ್ದು. ಒಂದೇ ಸಮ, ನುರಿತ ಕಾಲು.

"ಅದು ಅವಳೇ, ನಿಮ್ಮ ಮಗಳು," ಎಂದಳು. "ಹಾಸಿಗೆ ಗವಸು ಹೊಲಿಯೋದೆಲ್ಲ ಅವಳೇ. ಈಗ ಕೇಳಿ."

ಯಂತ್ರ ತಟ್ಟನೆ ನಿಂತಿತು. ಹನ್ನೊಂದು ಸೆಕೆಂಡು ಏನೂ ಇಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ಅವಳು ಕೊನೆಯ ತಂಗಿಯ ವಿಷಯ ಎತ್ತಿದ್ದಳು. ಮೂರು ಸಲವೂ ಒಳಕೋಣೆಯಲ್ಲಿ ಯಂತ್ರ ನಿಂತಿತ್ತು. ಟಿಪ್ಪಣಿಯಲ್ಲಿ ಅವಳು ಬರೆದುಕೊಂಡದ್ದು "ಹಿನ್ನೆಲೆ ಸದ್ದು ನಿಂತಿತು" ಎಂದಷ್ಟೆ.

"ಏನೂ ಕೇಳ್ತಿಲ್ಲವಲ್ಲ."

"ನಿಮ್ಮ ಸುದ್ದಿ ಬಂದಾಗ ಮಾತ್ರ ಹೀಗೆ ನಿಲ್ಲುತ್ತೆ."

ದೊಡ್ಡಮ್ಮ ಕಿವಿ ತೆಗೆಯಲಿಲ್ಲ. "ಇನ್ನೊಂದ್ಸಲ ಹಾಕು," ಎಂದಳು. ಆ ಏನೂ ಇಲ್ಲದ್ದನ್ನು ಅವರು ಐದು ಸಲ ಕೇಳಿದರು. ಕಿಟಕಿಯ ಬೆಳಕು ಹನ್ನೆರಡು ಮುಖಗಳ ಮೇಲೂ ಬಿದ್ದಿತ್ತು.

ಆ ಸಂಜೆ ಬಾಡಿಗೆ ಕೋಣೆಯಲ್ಲಿ ಅವಳು ಪ್ರಬಂಧದ ತನ್ನ ಪ್ರತಿ ತೆರೆದಳು. ಕೊನೆಯ ಅನುಬಂಧದಲ್ಲಿ ಎಲ್ಲರ ಹುಟ್ಟಿದ ದಿನಾಂಕದ ಪಟ್ಟಿಯಿತ್ತು. ಅಣ್ಣನ ಹೆಂಡತಿ ಹೆಮ್ಮೆಯಿಂದ ತಂದು ತೋರಿಸಿದ ಶಾಲೆಯ ಪ್ರಮಾಣಪತ್ರಗಳನ್ನು ನೋಡಿ ಇಳಿಸಿಕೊಂಡದ್ದು, ಒಂದನ್ನು ಒಂದು ದಿನ, ಇನ್ನೊಂದನ್ನು ಇನ್ನೊಂದು ದಿನ; ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಒಬ್ಬಳೇ ತಾಯಿಯ ಇಬ್ಬರು ಹೆಣ್ಣುಮಕ್ಕಳ ನಡುವೆ ಐದು ತಿಂಗಳ ಅಂತರ. ಎಂದೂ ಅಂಕಿ ತಪ್ಪದ ಅವಳ ಕೈ ಇಲ್ಲೂ ತಪ್ಪಿರಲಿಲ್ಲ. ಪ್ರತಿ ಆಗಲೇ ಪರೀಕ್ಷಕರ ಮೇಜಿನ ಮೇಲಿತ್ತು. ಆಮೇಲೆ ಗ್ರಂಥಾಲಯಕ್ಕೆ ಬರುತ್ತದೆ, ಯಾರು ಬೇಕಾದರೂ ಓದುತ್ತಾರೆ. ಅಂದಿನಿಂದ ಪರೀಕ್ಷೆಯ ದಿನದವರೆಗೆ, ನೆರೆಮನೆಯಲ್ಲಿ ಯಾವ ಯಂತ್ರ ನಿಂತರೂ, ಫ್ಯಾನು ನಿಂತರೂ, ಅವಳು ಉಸಿರು ಹಿಡಿದು ಕಾಯುವಂತಾಯಿತು.

ಪರೀಕ್ಷಕರು ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರು. ಮೃದು ಮಾತು, ಚೂಪಾದ ಪೆನ್ಸಿಲ್. ಅವಳ ಮಾರ್ಗದರ್ಶಕಿ ಪಕ್ಕದಲ್ಲಿ ಕೂತಿದ್ದರು. ಬಾಗಿಲಾಚೆ ಕಾರಿಡಾರಿನಲ್ಲಿ ಬಕೆಟ್ಟಿನ ಚಕ್ರ ಕಿರುಗುಟ್ಟುತ್ತಿತ್ತು, ಒದ್ದೆ ಮಾಪು ನೆಲದ ಮೇಲೆ ಹೋಗಿ ಬರುತ್ತಿತ್ತು.

"ಒಳ್ಳೆಯ ಕ್ಷೇತ್ರಕಾರ್ಯ," ಎಂದರು ಪರೀಕ್ಷಕರು. ಪುಟ ಮಗುಚಿದರು. "ಆರನೇ ಮನೆ. ಈ ಇಬ್ಬರು ಹುಡುಗಿಯರ ಮಧ್ಯೆ ಐದೇ ತಿಂಗಳು ಇದೆಯಲ್ಲಮ್ಮ. ಇಬ್ಬರೂ ಆಕೆಯ ಮಕ್ಕಳೇ ಏನು?"

ಮಾರ್ಗದರ್ಶಕಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ದಿನಾಂಕ ನನ್ನ ತಪ್ಪು ಸರ್. ಇಳಿಸಿಕೊಳ್ಳೋವಾಗ ಎಡವಟ್ಟಾಯ್ತು."

"ಪ್ರಮಾಣಪತ್ರ ನೋಡಿ ಬರೆದದ್ದು ಅಂತ ಕೆಳಗೆ ಹಾಕಿದ್ದೀರಿ."

"ಹಾಕಿದ್ದೀನಿ ಸರ್. ಆದರೂ ತಪ್ಪಿದೆ. ತಿದ್ದಿ ಕೊಡ್ತೀನಿ."

"ಆಸ್ಪತ್ರೆಯಲ್ಲಿ ದಾಖಲೆ ನೋಡಿಕೊಂಡಿದ್ದವರಂತೆ ನೀವು."

"ಹೌದು ಸರ್. ಆರು ವರ್ಷ."

ಪರೀಕ್ಷಕರು ಅಂಚಿನಲ್ಲಿ ಏನೋ ಬರೆದರು. ಮಾರ್ಗದರ್ಶಕಿಯ ಮುಖ ಕೆಂಪಾಗಿತ್ತು. ಎರಡು ವರ್ಷ ಅವರು ಬೇರೆಯವರಿಗೆ ಮಾದರಿಯೆಂದು ತೋರಿಸುತ್ತಿದ್ದದ್ದು ಇದೇ ವಿದ್ಯಾರ್ಥಿನಿಯ ಅಂಕಿಗಳನ್ನು.

"ಒಂದು ತಪ್ಪಿದ್ದರೆ ಉಳಿದದ್ದರ ಮೇಲೂ ಅನುಮಾನ ಬರುತ್ತೆ, ನೋಡಿ," ಎಂದರು ಪರೀಕ್ಷಕರು. ಪೆನ್ಸಿಲ್ಲಿನ ತುದಿ ನಕ್ಷೆಯ ಮೇಲೆ ಪಕ್ಕಕ್ಕೆ ಸರಿದು ಕೊನೆಯ ವೃತ್ತದ ಮೇಲೆ ನಿಂತಿತು. "ಈ ತಂಗಿ. ಈಕೆ ತೀರಿಕೊಂಡಿರೋದಾದರೂ ಖಂಡಿತವಾ?"

ಹೊರಗೆ ಮಾಪಿನ ಸದ್ದು ನಿಂತಿತು.

ಅವಳು ಬಾಗಿಲ ಕಡೆ ನೋಡಲಿಲ್ಲ. ಕೋಣೆಯಲ್ಲಿ, ಕಾರಿಡಾರಿನಲ್ಲಿ, ಏನೂ ಕೇಳಿಸುತ್ತಿರಲಿಲ್ಲ.

"ಖಂಡಿತ ಸರ್," ಎಂದಳು. "ತೀರಿಕೊಂಡಿದ್ದಾಳೆ."

ಪೆನ್ಸಿಲ್ ಮೇಲೆದ್ದಿತು, ಪುಟ ಮಗುಚಿತು. ಸ್ವಲ್ಪ ಹೊತ್ತಾದ ಮೇಲೆ ಬಕೆಟ್ಟಿನ ಚಕ್ರ ಮತ್ತೆ ಕಿರುಗುಟ್ಟಿ, ಮೂಳೆ ಕೋಣೆಯ ಕಡೆ ನಿಧಾನವಾಗಿ ದೂರವಾಯಿತು.