ಬುಕ್ಕಸಾಗರದ ಸಿಗ್ನಲ್

ಮನೆಯಲ್ಲಿ ಕುಳಿತೇ ಫೋನಿನಿಂದ ಗದ್ದೆಯ ಮೋಟಾರು ಹಚ್ಚುವ ಪೆಟ್ಟಿಗೆಗಳು ಬಂದಿವೆ. ಅವುಗಳೊಳಗಿನ ಸಿಮ್‌ಗೆ ಸಿಗ್ನಲ್ ಸರಿಯಾಗಿ ಸಿಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಬುಕ್ಕಸಾಗರದ ಒಂದು ಪಂಪ್‌ಹೌಸಿನ ಮುಂದೆ ನಿಂತು, ಹೊಸಪೇಟೆಯ ಮನೆಯಲ್ಲಿದ್ದ ಗದ್ದೆಯ ಯಜಮಾನರಿಗೆ ಫೋನ್ ಮಾಡಿ, ಮೋಟಾರು ಹಚ್ಚಲು ಹೇಳಿದೆ.

ಮೋಟಾರು ಸದ್ದು ಮಾಡಿದ್ದೇ ತಡ, ಬದುವಿನ ಮೇಲಿಂದ ಕಂದು ನಾಯಿಯೊಂದು ಓಡೋಡಿ ಬಂತು. ನನ್ನನ್ನು ಮೂಸಿ ಬಿಟ್ಟು, ಬೀಗ ಹಾಕಿದ ಬಾಗಿಲ ಮುಂದೆ ಬಾಲ ಆಡಿಸುತ್ತ ನಿಂತಿತು. ಯಜಮಾನರಿಗೆ ಹೇಳಿದೆ.

"ಅದು ನಮ್ದ ರೀ," ಎಂದರು. "ಮೋಟ್ರು ಹಚ್ಚಾಕ ಬಂದಾಗೆಲ್ಲ ರೊಟ್ಟಿ ಹಾಕ್ತಿದ್ದೆ. ಈಗ ಬರೋದ ಬ್ಯಾಡಾಗೈತಿ, ಭಾಳ ಆರಾಮ."

ಮೋಟಾರು ಒಂದು ಸಲ ಶುರುವಾದರೆ ನಂಬುವವನು ನಾನಲ್ಲ. ಆರಿಸಿ, ಹಚ್ಚಿ, ಮತ್ತೆ ಆರಿಸಿ ನೋಡಲೇಬೇಕು. ಹಚ್ಚಿದಾಗೆಲ್ಲ ನಾಯಿ ಅಷ್ಟೇ ಜೋರಾಗಿ ಓಡಿ ಬಂತು, ಬಾಗಿಲು ನೋಡಿತು, ವಾಪಸ್ ಹೋಯಿತು. ನನ್ನ ಬುತ್ತಿಯ ಡಬ್ಬಿ ಆಗಲೇ ಖಾಲಿಯಾಗಿತ್ತು.

ಆಫೀಸಿನವರು ಕೇಳಿದಾಗ, ಒಂದು ಸಲವೂ ತಪ್ಪಿಲ್ಲ, ಸಿಗ್ನಲ್ ಚೆನ್ನಾಗಿದೆ ಎಂದೆ. ಅದು ನಿಜವೇ. ಅಲ್ಲಿ ಈಗ ದಿನಾ ಮೋಟಾರು ತಪ್ಪದೆ ಶುರುವಾಗುತ್ತದೆ, ದಿನಾ ಆ ನಾಯಿ ಓಡಿ ಬರುತ್ತದೆ.