ಶತ್ರು ದೇಶದ ಅಜ್ಜಿ

ಹೋದ ವಾರ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟಾಗ ಘಮ ಮನೆಯೆಲ್ಲ ತುಂಬಿತು. ಕಿಟಕಿ ತೆರೆಯಲು ಹೋದವಳು ಹಾಗೇ ನಿಂತುಬಿಟ್ಟೆ. ಕೆಳಗಿನ ಮನೆಯ ಅಜ್ಜ ನೆನಪಾದರು...

ಆಗಿನ್ನೂ ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಸಿಕ್ಕಿ ಜರ್ಮನಿಯ ಕಲೋನ್‌ಗೆ ಬಂದ ಹೊಸತು. ಒಗ್ಗರಣೆ ವಾಸನೆಗೆ ಅಕ್ಕಪಕ್ಕದವರು ದೂರು ಕೊಡುತ್ತಾರೆಂದು ಆಫೀಸಿನಲ್ಲಿ ಹೆದರಿಸಿದ್ದರು. ಒಂದು ಭಾನುವಾರ ಬೆಲ್ ಆಯಿತು. ಬಾಗಿಲಲ್ಲಿ ಎಂಬತ್ತು ದಾಟಿದ, ಇಸ್ತ್ರಿ ಶರ್ಟಿನ ಜರ್ಮನ್ ಮುದುಕರು. ಬೈಸಿಕೊಳ್ಳಲು ಸಿದ್ಧಳಾಗಿ "ಸಾರಿ" ಅಂದೆ. ಅವರು ಮೂಗರಳಿಸಿ, "ಊಟ ಆಯ್ತಾ?" ಅಂದರು. ಕನ್ನಡದಲ್ಲಿ!

ಅವತ್ತು ನನ್ನ ಅಡುಗೆಮನೆಯಲ್ಲಿ ಕೂತು ಸಾರನ್ನ ಉಣ್ಣುತ್ತಾ, ಇಂಗ್ಲಿಷಿನಲ್ಲಿ ತಮ್ಮ ಕಥೆ ಹೇಳಿದರು. ಅವರದು ಇದೇ ಊರಿನ ಯಹೂದಿ ಕುಟುಂಬ. ತಂದೆ ಹಲ್ಲಿನ ಡಾಕ್ಟರು. ನಾಜಿಗಳ ಕಾಟ ತಾಳಲಾರದೆ, ಯುದ್ಧಕ್ಕೆ ಸ್ವಲ್ಪ ಮೊದಲು ಹೆಂಡತಿ, ಪುಟ್ಟ ಮಗನೊಂದಿಗೆ ಬೆಂಗಳೂರಿಗೆ ಓಡಿಹೋಗಿದ್ದರು. ದಂಡು ಪ್ರದೇಶದಲ್ಲಿ ಬಾಡಿಗೆ ಮನೆ. ಆ ಮಗನೇ ಈ ಅಜ್ಜ; ಅವರಿಗೆ ಕನ್ನಡ ಕಲಿಸಿದ್ದು ಆಯಾ. ಅವರ ಅಜ್ಜಿ, ಅಂದರೆ ತಂದೆಯ ತಾಯಿ, ಮಾತ್ರ ಕಲೋನ್‌ನಲ್ಲೇ ಉಳಿದಿದ್ದರು. ಅನುಮತಿ ಸಿಕ್ಕ ಕೂಡಲೇ ಕರೆಸಿಕೊಳ್ಳುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರದ ಪೊಲೀಸರು ಬಂದು ತಂದೆಯನ್ನೇ ಹಿಡಿದುಕೊಂಡು ಹೋದರು. ಜರ್ಮನ್ ಪಾಸ್‌ಪೋರ್ಟ್ ಇದ್ದವರೆಲ್ಲ ಶತ್ರುಗಳು. ಶಿಬಿರದಲ್ಲಿ ಅವರನ್ನು ಕೂಡಿಹಾಕಿದ್ದು ಭಾರತದಲ್ಲಿ ಸೆರೆಸಿಕ್ಕ ನಾಜಿಗಳ ಜೊತೆಗೇ!

"ಜರ್ಮನಿಗೆ ನಮ್ಮಪ್ಪ ಜರ್ಮನ್ನೇ ಅಲ್ಲ, ಬರೀ ಯಹೂದಿ. ಬ್ರಿಟಿಷರಿಗೆ ಬರೀ ಜರ್ಮನ್," ಅಂದರು ಅಜ್ಜ.

ಕೆಲವು ತಿಂಗಳಾದ ಮೇಲೆ ಬಿಟ್ಟರು. ಬಂದವರೇ ಮಗನ ಕೈಹಿಡಿದುಕೊಂಡು, ಅಜ್ಜಿಯ ಅನುಮತಿಗಾಗಿ ಸರ್ಕಾರಿ ಕಚೇರಿಗೆ ಅಲೆಯತೊಡಗಿದರು. ಶತ್ರು ದೇಶದಿಂದ ಯಾರಿಗೂ ಪ್ರವೇಶವಿಲ್ಲ, ಅದು ನಿಯಮ ಎಂದರಂತೆ ಅಲ್ಲಿನ ಬ್ರಿಟಿಷ್ ಸಾಹೇಬರು. "ಅವಳೊಬ್ಬ ಮುದುಕಿ. ಅವಳು ಯಾರಿಗೆ ಶತ್ರು?" ಎಂದು ತಂದೆ ಕೇಳಿದ್ದಕ್ಕೆ, ಮೇಲಿನವರಿಗೆ ಬರೆಯುತ್ತೇನೆ ಎಂದರಂತೆ, ಮರ್ಯಾದೆಯಿಂದಲೇ. ಆಮೇಲೆ ಒಳಕ್ಕೂ ಬಿಡಲಿಲ್ಲ. ಬಾಗಿಲಲ್ಲಿ ಜವಾನ "ನಾಳೆ ಬನ್ನಿ" ಅನ್ನುತ್ತಿದ್ದ. ಆ ಎರಡು ಪದಗಳನ್ನು ಅಜ್ಜ ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದರು.

ನಾಜಿಗಳು ಅಜ್ಜಿಯನ್ನು ಪೂರ್ವದ ಸಾವಿನ ಶಿಬಿರಗಳತ್ತ ಹೊರಟ ರೈಲಿಗೆ ಹತ್ತಿಸಿದ್ದರೆಂದು ತಿಳಿದದ್ದು ಯುದ್ಧ ಮುಗಿದ ಮೇಲೆ. ತಂದೆ ಮತ್ತೆಂದೂ ಜರ್ಮನಿಗೆ ಕಾಲಿಡಲಿಲ್ಲ. ಮಗ ಮಾತ್ರ ನಡುವಯಸ್ಸು ದಾಟಿದ ಮೇಲೆ, ಅಜ್ಜಿಯಿದ್ದ ಬೀದಿ ಹುಡುಕಿಕೊಂಡು ಬಂದು ಇಲ್ಲೇ ನೆಲೆನಿಂತರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ...

ಕೆಲವು ವರ್ಷ ಕಳೆಯಿತು. ಅಜ್ಜನಿಗೆ ಮರೆವು ಶುರುವಾಗಿ, ವೃದ್ಧಾಶ್ರಮ ಸೇರಿದರು. ಡಬ್ಬಿಯಲ್ಲಿ ಸಾರನ್ನ ಒಯ್ಯುತ್ತಿದ್ದೆ. ನನ್ನ ಹೆಸರು ಮರೆತಿತ್ತು, ಬೆಂಗಳೂರಿನವಳು ಅನ್ನುವುದು ಮರೆತಿರಲಿಲ್ಲ. ಒಂದು ದಿನ ನನ್ನ ಕೈ ಹಿಡಿದುಕೊಂಡು ಕನ್ನಡದಲ್ಲೇ ಅಂದರು.

"ಸಾಹೇಬರಿಗೆ ನೀನಾದ್ರೂ ಹೇಳು. ನಮ್ಮಜ್ಜಿ ಊಟ ಮಾಡೋದೇ ಸ್ವಲ್ಪ. ನನ್ನ ಮಂಚದಲ್ಲೇ ಮಲಗಿಸ್ಕೋತೀನಿ. ಅವರಿಗೇನೂ ತೊಂದರೆ ಆಗಲ್ಲ."

ಹೂಂ ಅಂದುಬಿಟ್ಟೆ. ಮುಂದಿನ ಸಲ ಹೋದಾಗ ಕಾಯುತ್ತಾ ಕೂತಿದ್ದರು. "ಏನಂದ್ರು?"

ಒಪ್ಪಿದರು ಅಂದರೆ, ಅಜ್ಜಿ ಎಲ್ಲಿ ಅನ್ನುತ್ತಾರೆ. ಒಪ್ಪಲಿಲ್ಲ ಅಂದರೆ...

"ಇನ್ನೂ ಏನೂ ಹೇಳಿಲ್ಲ ಅಜ್ಜಾ," ಅಂದೆ.

ಆಮೇಲೆ ಹೋದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ನನ್ನ ಮುಖ ಸಣ್ಣದಾಗುವುದು ಅವರಿಗೆ ಕಾಣುತ್ತಿತ್ತೇನೋ, ಕೊನೆಕೊನೆಗೆ ಅವರೇ ನನ್ನ ಕೈ ತಟ್ಟುತ್ತಿದ್ದರು. "ಬೇಜಾರು ಮಾಡ್ಕೋಬೇಡ. ನಮ್ಮಪ್ಪನಿಗೂ ಹಾಗೇ ಹೇಳ್ತಿದ್ದಾರೆ."

ಒಂದು ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಅವರ ಮನೆಗೀಗ ಬೇರೆಯವರು ಬಂದಿದ್ದಾರೆ. ರಜೆಗೆ ಬೆಂಗಳೂರಿಗೆ ಹೋದಾಗ ಆಟೋ ದಂಡಿನ ಕಡೆ ಹಾದರೆ, ದಪ್ಪ ಕಂಬಗಳ ಹಳೇ ಸರ್ಕಾರಿ ಕಟ್ಟಡಗಳನ್ನು ಕತ್ತು ಹೊರಳಿಸಿ ನೋಡುತ್ತೇನೆ. ಆ ಸಾಹೇಬರು ಕೂತಿದ್ದದ್ದು ಯಾವುದರಲ್ಲೋ... ಗೊತ್ತಾದರೂ, ಒಳಗೆ ಹೋಗಿ ಈಗ ಯಾರನ್ನು ಕೇಳಲಿ?